32 ಪುಟದ ಬಣ್ಣದ ಕಾಮಿಕ್ಸ್: ದುಡ್ಡು ಹೋಗುವುದು ಎಲ್ಲಿ

ಕಾಮಿಕ್ಸ್ ಸ್ವಂತ ಖರ್ಚಿನಲ್ಲಿ ತರಬೇಕೆನ್ನುವವರು ಮೊದಲು ಕೇಳುವುದು ಪ್ರೆಸ್ಸಿನ ರೇಟು. ನನ್ನ ಲೆಕ್ಕದಲ್ಲಿ ಅದು ಎರಡನೆಯ ಸಾಲು. ಮೊದಲಿನದು ಚಿತ್ರ. ಪುಟಕ್ಕೆ ಪೆನ್ಸಿಲ್ ಮತ್ತು ಇಂಕ್ ಸೇರಿ 1,200, ಬಣ್ಣಕ್ಕೆ 600, ಮಾತು ಕೂಡಿಸಲು 150 ರೂಪಾಯಿ ಎಂದು ಹಿಡಿದರೆ 32 ಪುಟಕ್ಕೆ 62,400. ಮುಖಪುಟಕ್ಕೆ ಬೇರೆ 5,000. ಇಷ್ಟು ಖರ್ಚಾದಾಗ ಇನ್ನೂ ಒಂದು ಹಾಳೆಯೂ ಅಚ್ಚಾಗಿರುವುದಿಲ್ಲ. ಚಿತ್ರ ಬರೆಯುವವರು ನೀವೇ ಆದರೂ ಈ ಸಾಲಿಗೆ ಸೊನ್ನೆ ಹಾಕಬೇಡಿ, ಆಮೇಲೆ ಬೆಲೆ ಇಡುವಾಗ ಕೈ ಸುಡುತ್ತದೆ.

ಅಳತೆಯನ್ನು ಪ್ರೆಸ್ಸಿನ ಹಾಳೆ ನೋಡಿಯೇ ಗೊತ್ತುಮಾಡಬೇಕು. ನಾನು ಹಿಡಿಯುವುದು ಕ್ರೌನ್ 1/4, ಅಂದರೆ ಸುಮಾರು 7.5x10 ಇಂಚಿನ ಪುಟ. 20x30 ಇಂಚಿನ ಒಂದು ಹಾಳೆಯಲ್ಲಿ ಎರಡೂ ಬದಿ ಸೇರಿ 16 ಪುಟ ಕೂರುತ್ತವೆ, 32 ಪುಟಕ್ಕೆ ಎರಡೇ ಹಾಳೆ. ಒಂದು ಬದಿಗೆ ನಾಲ್ಕು ಬಣ್ಣದ ನಾಲ್ಕು ಪ್ಲೇಟು (ಒಂದೊಂದು ಬಣ್ಣದ ಅಚ್ಚು ಹೊಡೆಯುವ ಲೋಹದ ತಗಡು), ಹೀಗೆ ಒಳಪುಟಗಳಿಗೆ 16. ರಕ್ಷಾಪುಟದ ಹೊರಬದಿ, ಒಳಬದಿ ಎರಡನ್ನೂ ಒಂದೇ ಪ್ಲೇಟಿನಲ್ಲಿ ಜೋಡಿಸಿ ಹಾಳೆ ಮಗುಚಿ ಹೊಡೆದರೆ ಇನ್ನು ನಾಲ್ಕು. ಒಟ್ಟು 20. ಇದೇ ಕೆಲಸವನ್ನು 15x20ರ ಚಿಕ್ಕ ಮಶೀನಿಗೆ ಕೊಟ್ಟರೆ ಒಳಪುಟಗಳಿಗೇ 32 ಪ್ಲೇಟು ಬೇಕು. ಕಥೆ ಒಂದು ಪುಟ ಉದ್ದವಾಯಿತೋ, 33 ಆಗುವುದಿಲ್ಲ, 36 ಆಗುತ್ತದೆ: ಸೆಂಟರ್ ಪಿನ್ (ನಡುಮಡಿಕೆಗೆ ಪಿನ್) ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲೇ ಏರುವುದು. ಹಾಗಾಗಿ ಕೃತಜ್ಞತೆ, ಪ್ರಕಾಶನದ ವಿವರ ಎಲ್ಲವನ್ನೂ ರಕ್ಷಾಪುಟದ ಒಳಬದಿಗೆ ತಳ್ಳಿಬಿಡುತ್ತೇನೆ. ಅದಕ್ಕೆ ಎರಡೂ ಬದಿ ಕೋಟಿಂಗ್ ಇರುವ ಆರ್ಟ್ ಕಾರ್ಡೇ ಬೇಕೆಂದು ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ.

ಈಗ ಸಾವಿರ ಪ್ರತಿಯ ಲೆಕ್ಕ. 130 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ) ಆರ್ಟ್ ಪೇಪರ್ ಹಾಳೆಯೊಂದು ಸುಮಾರು 50 ಗ್ರಾಂ ತೂಗುತ್ತದೆ. ಶೇ 10 ವೇಸ್ಟೇಜ್ ಸೇರಿ 2,200 ಹಾಳೆ ಎಂದರೆ 111 ಕೆ.ಜಿ. ರಕ್ಷಾಪುಟಕ್ಕೆ 250 ಜಿಎಸ್ಎಂ ಕಾರ್ಡು 29 ಕೆ.ಜಿ. ಕೆ.ಜಿ.ಗೆ 100 ರೂಪಾಯಿ ಹಿಡಿದರೆ ಕಾಗದಕ್ಕೆ 14,000. ಪ್ಲೇಟಿಗೆ 350ರಂತೆ 7,000, ಪ್ಲೇಟೊಂದರ ಬಣ್ಣಕ್ಕೆ 300ರಂತೆ ಮುದ್ರಣ 6,000, ಲ್ಯಾಮಿನೇಶನ್ 1,500, ಮಡಿಕೆ, ಪಿನ್, ಕಟಿಂಗ್ ಸೇರಿ 2,000. ಒಟ್ಟು 30,500, ಪ್ರತಿಗೆ ಮೂವತ್ತು ರೂಪಾಯಿ ಚಿಲ್ಲರೆ. ಐನೂರೇ ಪ್ರತಿ ಸಾಕೆಂದರೆ ಅರ್ಧಕ್ಕೆ ಇಳಿಯುವುದು ಕಾಗದ, ಲ್ಯಾಮಿನೇಶನ್, ಬೈಂಡಿಂಗ್ ಮಾತ್ರ. ಪ್ಲೇಟು ಅಷ್ಟೇ, ಮಶೀನಿನ ಕನಿಷ್ಠ ಚಾರ್ಜೂ ಅಷ್ಟೇ. ಪ್ರತಿಗೆ 44ರ ಹತ್ತಿರ ಬೀಳುತ್ತದೆ. ಇನ್ನೂರರೊಳಗಾದರೆ ಆಫ್‌ಸೆಟ್ (ಪ್ಲೇಟಿನಿಂದ ಅಚ್ಚು ಹಾಕುವ ಈ ವಿಧಾನ) ಬಿಟ್ಟು ಪ್ಲೇಟು ಬೇಡದ ಡಿಜಿಟಲ್ ಪ್ರಿಂಟಿನ ರೇಟನ್ನೂ ಕೇಳಿ ನೋಡಿ. ಕೊಪ್ಪಳದವರಿಗೆ ಮುದ್ರಣ ಕಾಶಿ ಗದಗ ರೈಲಿನ ದಾರಿಯಲ್ಲೇ ಇದೆ. ಶಿವಕಾಶಿಯ ರೇಟು ಕಡಿಮೆ ಎನಿಸಿದರೆ ಸಾಗಣೆ ಸೇರಿಸಿಯೇ ಹೋಲಿಸಿ, ಸಾವಿರ ಪುಸ್ತಕದ ತೂಕವೇ 110 ಕೆ.ಜಿ. ದಾಟುತ್ತದೆ.

ಫೈಲು ಕೆಟ್ಟರೆ ಈ ಪ್ಲೇಟಿನ ದುಡ್ಡು ಎರಡು ಸಲ ಹೋಗುತ್ತದೆ. ಬಣ್ಣ ಹಾಕುವ ಮೊದಲೇ ಸಿಎಂವೈಕೆಯಲ್ಲಿ (ಅಚ್ಚಿನ ನಾಲ್ಕು ಇಂಕು: ಸಯಾನ್, ಮಜೆಂಟಾ, ಯೆಲ್ಲೊ, ಕಪ್ಪು) ಪರೀಕ್ಷಿಸಿ. ಕಿನ್ನಾಳ ಗೊಂಬೆಯ ಕೆಂಪು ಹಳದಿ ಮಜೆಂಟಾ-ಯೆಲ್ಲೊದಲ್ಲಿ ಚೆನ್ನಾಗಿಯೇ ಬರುತ್ತವೆ. ಸ್ಕ್ರೀನಿನಲ್ಲಿ ಮಿಂಚುವ ಎಳೆ ಹಸಿರು, ಕಡು ನೀಲಿ ಮಾತ್ರ ಕಾಗದದ ಮೇಲೆ ಮಂಕಾಗುತ್ತವೆ. ರಾತ್ರಿಯ ದೃಶ್ಯಗಳಲ್ಲಿ ನಾಲ್ಕು ಬಣ್ಣದ ಶೇಕಡಾ ಪ್ರಮಾಣ ಕೂಡಿ 300 ಮೀರಿದರೆ ಇಂಕ್ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ಮಾತಿನ ಅಕ್ಷರ ಬರೀ ಕಪ್ಪು ಪ್ಲೇಟಿನಲ್ಲಿರಲಿ, ಓವರ್‌ಪ್ರಿಂಟ್ ಹಾಕಿ (ಅಡಿಯ ಬಣ್ಣ ಕತ್ತರಿಸದೆ ಅದರ ಮೇಲೇ ಕಪ್ಪು ಬೀಳಲಿ). ನಾಲ್ಕು ಬಣ್ಣದ ಕಪ್ಪು ಮಾಡಿದರೆ ರಿಜಿಸ್ಟ್ರೇಶನ್ (ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವುದು) ಕೂದಲೆಳೆ ಸರಿದರೂ ಅಕ್ಷರದ ಅಂಚಿಗೆ ಬಣ್ಣದ ನೆರಳು. ಕನ್ನಡದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ‘ರಾಷ್ಟ್ರ’ ಎಂದು ಬರೆದು ನೋಡಿ. ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟಾದರೂ ಬೇಕು. ಆದ್ದರಿಂದ ಚಿತ್ರ ಬರೆಯುವ ಮೊದಲೇ ಮಾತನ್ನು ಟೈಪ್ ಮಾಡಿ ಬಲೂನಿನ ಜಾಗ ಗುರುತಿಸಿಕೊಡಿ. ಪ್ರೆಸ್ಸಿಗೆ ಕಳಿಸುವಾಗ ಫಾಂಟುಗಳನ್ನು ಕರ್ವ್ ಮಾಡಿದ (ಅಕ್ಷರವನ್ನು ಚಿತ್ರರೇಖೆಯಾಗಿಸಿದ) ಪಿಡಿಎಫ್ ಕೊಡಿ, ಇಲ್ಲದಿದ್ದರೆ ಅವರ ಕಂಪ್ಯೂಟರಿನಲ್ಲಿ ಒತ್ತುಗಳು ಚದುರುತ್ತವೆ. ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಲಿ, ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಕಟಿಂಗಿನಲ್ಲಿ ಹೋಗುವ ಹೆಚ್ಚುವರಿ ಚಿತ್ರ. ಮಾತು ಅಂಚಿನಿಂದ 10 ಮಿ.ಮೀ. ಒಳಗಿರಲಿ, ಪಿನ್ ಹೊಡೆದಾಗ ನಡುವಿನ ಪುಟಗಳು ಹೊರಚಾಚಿ ಕಟಿಂಗಿನಲ್ಲಿ ಹೆಚ್ಚು ಹೋಗುತ್ತವೆ.

ಚಿತ್ರ, ಮುದ್ರಣ ಎರಡೂ ಕೂಡಿ 97,900. ಅಂಗಡಿಗೆ ಶೇ 40 ಬಿಟ್ಟರೆ 150 ರೂಪಾಯಿ ಪುಸ್ತಕದಿಂದ ಕೈಗೆ ಬರುವುದು 90. ಸಾವಿರವೂ ಮಾರಿದರೂ ನಷ್ಟವೇ. 180 ಇಟ್ಟರೆ 108, ಹತ್ತು ರೂಪಾಯಿ ಉಳಿಯಿತು, ಅದನ್ನೂ ಸಾಗಣೆ ತಿನ್ನುತ್ತದೆ. ನೇರ ಮಾರಾಟದ ಪಾಲು ಹೆಚ್ಚದೆ ಮೊದಲ ಮುದ್ರಣದಲ್ಲಿ ಲಾಭವಿಲ್ಲ. ಎರಡನೆಯ ಮುದ್ರಣಕ್ಕೆ ಚಿತ್ರದ ಖರ್ಚಿಲ್ಲ, ಅಲ್ಲಿಗೆ ಮೂವತ್ತೇ ರೂಪಾಯಿ. ಆದ್ದರಿಂದ ಮರುಮುದ್ರಣದ ಹಕ್ಕನ್ನು ಕಲಾವಿದರೊಂದಿಗೆ ಮೊದಲೇ ಬರಹದಲ್ಲಿ ಮಾಡಿಕೊಳ್ಳಿ. ಪುಸ್ತಕದ ಮೇಲೆ ಜಿಎಸ್‌ಟಿ ಇಲ್ಲ, ಆದರೆ ಪ್ರೆಸ್ಸಿನ ಬಿಲ್ಲಿನಲ್ಲಿ ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ, ಅದನ್ನೂ ಖರ್ಚಿಗೇ ಸೇರಿಸಿ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಪುಕ್ಕಟೆ, ರಾಜಾ ರಾಮಮೋಹನ ರಾಯ್ ಏಜೆನ್ಸಿಗೆ ಆನ್‌ಲೈನ್ ಅರ್ಜಿ ಹಾಕಿದರಾಯಿತು. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಮೂರು ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು, ಅಂಚೆ ಖರ್ಚು ನಮ್ಮದೇ.