ಸೂಕ್ಷ್ಮ ಹೊಟ್ಟೆಗೆ ಡಿಟಾಕ್ಸ್ ಬೇಡವೆಂದು ನಾನು ಆರಿಸಿಕೊಂಡ ಊಟ: ನನ್ನ ಅನುಭವ

ಊಟವಾದ ಸ್ವಲ್ಪ ಹೊತ್ತಿಗೆ ಹೊಟ್ಟೆ ಉಬ್ಬರಿಸುವುದು, ಕೆಲವು ದಿನ ಮಲಬದ್ಧತೆ, ಮತ್ತೆ ಕೆಲವು ದಿನ ಭೇದಿ: ಈ ತೊಂದರೆ ನನಗೆ ಬಹುಕಾಲದಿಂದ ಇದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇವುಗಳಲ್ಲಿ ಯಾವುದೂ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಹಾಸನದ ವೈದ್ಯರು ಇದು ಐಬಿಎಸ್, ಅಂದರೆ ಕರುಳಿನ ರಚನೆಯಲ್ಲಿ ದೋಷವಿಲ್ಲದಿದ್ದರೂ ಅದರ ಚಲನೆ ಮತ್ತು ಸಂವೇದನೆ ಏರುಪೇರಾಗುವ ಸ್ಥಿತಿ ಎಂದು ತಿಳಿಸಿದರು. ಊಟದಲ್ಲಿ ಏನನ್ನಾದರೂ ಬಿಡುವ ಮೊದಲೇ ಪರೀಕ್ಷೆಗಳು ಆಗಬೇಕೆಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಗೋಧಿಯನ್ನು ಬಿಟ್ಟ ಮೇಲೆ ಸೀಲಿಯಾಕ್ ರೋಗಕ್ಕೆ, ಅಂದರೆ ಗೋಧಿಯಲ್ಲಿನ ಅಂಶದಿಂದ ಕರುಳಿಗೆ ಹಾನಿಯಾಗುವ ರೋಗಕ್ಕೆ, ರಕ್ತಪರೀಕ್ಷೆ ಮಾಡಿಸಿದರೆ, ರೋಗವಿದ್ದರೂ ಇಲ್ಲವೆಂದು ವರದಿ ಬರಬಹುದು.

ಆ ಸಮಯದಲ್ಲಿ ಬಂಧುಗಳೊಬ್ಬರು ಡಿಟಾಕ್ಸ್, ಅಂದರೆ ದೇಹದ ವಿಷವನ್ನು ಹೊರಹಾಕುತ್ತದೆ ಎನ್ನುವ ಪುಡಿಯ ಪೊಟ್ಟಣವೊಂದನ್ನು ತಂದುಕೊಟ್ಟು, "ಒಂದು ವಾರ ಬರೀ ಜ್ಯೂಸ್ ಕುಡ್ಕೊಂಡು ಇದನ್ನ ತಗೊಳಿ ಅಕ್ಕ, ಹೊಟ್ಟೆ ಎಲ್ಲಾ ಕ್ಲೀನ್ ಆಗುತ್ತೆ" ಎಂದು ಪ್ರೀತಿಯಿಂದಲೇ ಹೇಳಿದರು. ಪೊಟ್ಟಣದ ಹಿಂಬದಿಯಲ್ಲಿ ಮೊದಲು ಕಂಡ ಹೆಸರು ಸೋನಾಮುಖಿ. ಆ ಎಲೆಯ ಅಂಶಗಳನ್ನು ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಾಣುಗಳು ಒಡೆದಾಗ ಉಂಟಾಗುವ ವಸ್ತುವು ಕರುಳನ್ನು ಕೆರಳಿಸಿ ಮಲವನ್ನು ಹೊರತಳ್ಳುತ್ತದೆ. ಮಲಬದ್ಧತೆಗೆ ವೈದ್ಯರು ಇದನ್ನು ಅಲ್ಪಕಾಲ ಕೊಡುವುದುಂಟು. ಆದರೆ ಮೊದಲೇ ಕೆರಳಿರುವ ಕರುಳಿಗೆ ಸುಮ್ಮನೆ ಕೊಡುವಂಥದ್ದಲ್ಲ, ಏಕೆಂದರೆ ಹೊಟ್ಟೆನುಲಿತದ ಜೊತೆಗೆ ನೀರು ಮತ್ತು ಪೊಟ್ಯಾಸಿಯಂ ಕೂಡ ನಷ್ಟವಾಗುತ್ತವೆ. ಇಂಥ ವಾರದ ಕೊನೆಗೆ ಮೈ ಹಗುರಾಯಿತೆಂದು ಅನ್ನಿಸುವುದು ನಿಜ, ಆದರೆ ಹೊರಗೆ ಹೋದದ್ದು ನೀರು ಮತ್ತು ಮಲ, ವಿಷವಲ್ಲ. ದೇಹದ ತ್ಯಾಜ್ಯವನ್ನು ಕಳೆಯಲು ಯಕೃತ್ತಿದೆ, ದಿನಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ಸೋಸುವ ಮೂತ್ರಪಿಂಡಗಳಿವೆ.

ರಸದ ವಿಷಯವೂ ಇಷ್ಟೇ ಗಂಭೀರವಾದುದು. ಸೇಬು, ಮಾವು, ಕಲ್ಲಂಗಡಿಗಳ ರಸ ತೆಗೆದಾಗ ನಾರು ಬಹುಪಾಲು ಚರಟದಲ್ಲೇ ಉಳಿದುಹೋಗಿ, ಹಲವರ ಕರುಳು ಪೂರ್ತಿ ಹೀರಿಕೊಳ್ಳಲಾರದ ಫ್ರಕ್ಟೋಸ್ ಎಂಬ ಹಣ್ಣಿನ ಸಕ್ಕರೆ ಒಂದೇ ಲೋಟದಲ್ಲಿ ಹೊಟ್ಟೆ ಸೇರುತ್ತದೆ; ಉಬ್ಬರಕ್ಕೆ ಅದೇ ಸಾಕು. ಕಹಿಯಾದ ಸೋರೆಕಾಯಿಯ ರಸ ಕುಡಿದು ನಮ್ಮ ದೇಶದಲ್ಲಿ ಸಾವುಗಳೂ ಸಂಭವಿಸಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಇದರ ಬಗ್ಗೆ ತಜ್ಞರ ಸಮಿತಿಯನ್ನೇ ನೇಮಿಸಿ, ಕಹಿ ಇದ್ದರೆ ಕುಡಿಯಲೇಬಾರದೆಂದು ಎಚ್ಚರಿಸಿತು.

ಪೊಟ್ಟಣವನ್ನು ಬದಿಗಿಟ್ಟು ನಾನು ಹಿಡಿದ ದಾರಿ ನಿಧಾನವಾದದ್ದು. ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದ ಸಂಶೋಧಕರು ಐಬಿಎಸ್ ಇರುವವರಿಗಾಗಿ ರೂಪಿಸಿದ ಫಾಡ್‌ಮ್ಯಾಪ್ ಕ್ರಮವನ್ನು ಆಹಾರತಜ್ಞರೊಬ್ಬರ ಸಲಹೆಯಂತೆ ನಮ್ಮ ಅಡುಗೆಗೆ ಹೊಂದಿಸಿಕೊಂಡೆ. ಕರುಳಿನಲ್ಲಿ ಬೇಗ ಹುಳಿಯುವ ಸಕ್ಕರೆಗಳಿರುವ ಪದಾರ್ಥಗಳನ್ನು ಕೆಲವು ವಾರ ಮಾತ್ರ ಕಡಿಮೆ ಮಾಡಿ, ನಂತರ ಒಂದೊಂದನ್ನೇ ಮರಳಿ ತಂದು, ಯಾವುದು ಎಷ್ಟು ಒಗ್ಗುತ್ತದೆಂದು ನೋಡುವುದೇ ಇದರ ತಿರುಳು. ಆ ಕೆಲವು ವಾರಗಳನ್ನೇ ಜೀವನವಿಡೀ ಎಳೆಯುವವರಿದ್ದಾರೆ. ಅದರಿಂದ ಪೋಷಣೆಯೂ ಕುಗ್ಗುತ್ತದೆ, ಕರುಳಿಗೆ ಬೇಕಾದ ಸೂಕ್ಷ್ಮಾಣುಗಳೂ ಕುಗ್ಗುತ್ತವೆ.

ನಮ್ಮ ಅಡುಗೆಯಲ್ಲಿ ಮೊದಲ ತೊಡಕು ಬೆಳ್ಳುಳ್ಳಿ ಮತ್ತು ಈರುಳ್ಳಿ. ಇವುಗಳಲ್ಲಿನ ಫ್ರಕ್ಟಾನ್, ಅಂದರೆ ಕರುಳಿನಲ್ಲಿ ಬೇಗ ಹುಳಿಯುವ ಅಂಥದೇ ಒಂದು ಸಕ್ಕರೆ, ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಒಗ್ಗರಣೆಯ ಎಣ್ಣೆಯಲ್ಲಿ ಇಡೀ ಬೆಳ್ಳುಳ್ಳಿ ಎಸಳುಗಳನ್ನು ಬಾಡಿಸಿ, ಸಾರಿಗೆ ಸುರಿಯುವ ಮೊದಲು ಎಸಳುಗಳನ್ನು ತೆಗೆದುಬಿಡುತ್ತೇನೆ. ಪರಿಮಳ ಉಳಿಯುತ್ತದೆ, ಉಬ್ಬರ ಬರುವುದಿಲ್ಲ. ಸಾರಿನಲ್ಲೇ ಬೇಯಿಸಿ ಆಮೇಲೆ ಎತ್ತಿಹಾಕಿದರೆ ಈ ಉಪಾಯ ಫಲಿಸುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಫ್ರಕ್ಟಾನ್ ಸಾರಿಗೆ ಇಳಿದಿರುತ್ತದೆ. ಈರುಳ್ಳಿಗೆ ಬದಲಾಗಿ ಈರುಳ್ಳಿ ಸೊಪ್ಪಿನ ಹಸಿರು ಭಾಗವನ್ನು ಬಳಸುತ್ತೇನೆ. ಇಂಗಿನ ಡಬ್ಬಿಯ ಮೇಲಿನ ಬರಹವನ್ನೂ ಓದಬೇಕು, ಅನೇಕ ಬಗೆಗಳಲ್ಲಿ ಫ್ರಕ್ಟಾನ್ ಇರುವ ಗೋಧಿಹಿಟ್ಟು ಬೆರೆತಿರುತ್ತದೆ.

ರಾಗಿಯನ್ನು ನಾನು ಬಿಡಲಿಲ್ಲ, ಆದರೆ ಒಮ್ಮೆಲೇ ಹೆಚ್ಚಿಸಲೂ ಇಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇರುವುದಿಲ್ಲ. ಅಷ್ಟು ನಾರಿಗೆ ಕರುಳು ಒಗ್ಗಲು ಕಾಲ ಬೇಕು. ಮೊದಲು ತೆಳುವಾದ ಅಂಬಲಿ, ಬಳಿಕ ಮಧ್ಯಾಹ್ನಕ್ಕೆ ನಿಂಬೆಗಾತ್ರದ ಮುದ್ದೆ, ಜೊತೆಗೆ ಹೆಸರುಬೇಳೆ ಮತ್ತು ದಂಟಿನ ಸೊಪ್ಪಿನ ಸಾರು: ಹೀಗೆ ಬೆಳೆಸಿದ ಮೇಲೆ ಮಲಬದ್ಧತೆ ಬಹುಮಟ್ಟಿಗೆ ಹಿಂದೆ ಸರಿಯಿತು. ಹಾಸನದ ಆಲೂಗಡ್ಡೆ ನನಗೆ ಎಂದೂ ತೊಂದರೆ ಕೊಟ್ಟಿಲ್ಲ. ಬೇಯಿಸಿ ಜೀರಿಗೆ, ಮೆಣಸಿನ ಪುಡಿಯಲ್ಲಿ ಪಲ್ಯ ಮಾಡಿದರೆ ಸಾಕು.

ಅವರೆಕಾಯಿಯೇ ಕಠಿಣ ಪರೀಕ್ಷೆಯಾಗಿತ್ತು. ಚಳಿಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಅವರೆಯಿಲ್ಲದ ಊಟವನ್ನು ಊಹಿಸುವುದೇ ಕಷ್ಟ. ಕಾಳನ್ನು ರಾತ್ರಿಯಿಡೀ ನೆನೆಸಿ, ನೀರು ಚೆಲ್ಲಿ, ಸಿಪ್ಪೆ ಹಿತುಕಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸುತ್ತೇನೆ. ವಾಯುವಿಗೆ ಕಾರಣವಾಗುವ ಸಕ್ಕರೆಗಳ ಒಂದು ಭಾಗ ನೆನೆಸಿದ ನೀರಿನೊಂದಿಗೇ ಹೋಗುತ್ತದೆ. ಎರಡು ಚಮಚದಿಂದ ಆರಂಭಿಸಿ, ಅದು ಒಗ್ಗಿದ ಮೇಲಷ್ಟೇ ಪ್ರಮಾಣ ಏರಿಸಿದೆ. ಈಗ ಹಿತಕಿದ ಅವರೆಬೇಳೆಯ ಸಾರನ್ನು ಮಧ್ಯಾಹ್ನದ ಊಟಕ್ಕೆ ಸಣ್ಣ ಬಟ್ಟಲಿನಷ್ಟು ಉಣ್ಣಬಲ್ಲೆ. ರಾತ್ರಿ ಮಾತ್ರ ಮುಟ್ಟುವುದಿಲ್ಲ. ಬೆಳಗಿನ ಕಾಫಿಯನ್ನೂ ಉಳಿಸಿಕೊಂಡಿದ್ದೇನೆ. ಕಾಫಿ ದೊಡ್ಡ ಕರುಳನ್ನು ಚುರುಕಾಗಿಸುವುದರಿಂದ ಖಾಲಿ ಹೊಟ್ಟೆಯಲ್ಲಿ ಕುಡಿಯುವುದನ್ನು ಬಿಟ್ಟು, ತಿಂಡಿಯಾದ ಮೇಲೆ ಒಂದೇ ಲೋಟಕ್ಕೆ ನಿಲ್ಲಿಸುತ್ತೇನೆ.