ಕಾಶ್ಮೀರದ ಕೆರೆ ನೋಡಲು ಹೊರಟಿದ್ದೀರಾ? ಮೊದಲು ದುರ್ಗದ ಕೋಟೆ ಹತ್ತಿ

ಮೇ ತಿಂಗಳು ಬಂತು ಅಂದರೆ ನನಗೆ ಒಂದೇ ಥರದ ಫೋನ್‌ಗಳು ಶುರುವಾಗುತ್ತವೆ. "ಅಣ್ಣ, ನಾವು ಎಂಟು ಜನ ಆಗೀವಿ, ಕಾಶ್ಮೀರ ಗ್ರೇಟ್ ಲೇಕ್ಸ್ ಟ್ರೆಕ್ ಮಾಡಬೇಕಂತೀವಿ, ಏನೇನ್ ತಗೊಂಡು ಹೋಗಬೇಕು ಹೇಳ್ರಿ." ಎಲ್ಲರಿಗೂ ಬೇಕಾಗಿರುವುದು ಸಾಮಾನಿನ ಪಟ್ಟಿ. ಆ ಎಂಟು ಜನ ಯಾರು, ಅದರಲ್ಲಿ ಎಷ್ಟು ಜನ ಒಬ್ಬರಿಗೊಬ್ಬರು "ನನಗೆ ಆಗ್ತಿಲ್ಲ ಮಾರಾಯ" ಅಂತ ನಾಚಿಕೆ ಇಲ್ಲದೆ ಹೇಳಬಲ್ಲರು ಅಂತ ನಾನು ತಿರುಗಿಸಿ ಕೇಳಿದರೆ ಆ ಕಡೆಯಿಂದ ಸದ್ದೇ ಇರುವುದಿಲ್ಲ. ಪಟ್ಟಿ ಆಮೇಲೆ ಕೊಡುತ್ತೇನೆ. ಮೊದಲು ದಾರಿ ಹೇಗಿದೆ ಅಂತ ತಿಳಿದುಕೊಳ್ಳಿ.

ನಡಿಗೆ ಶುರುವಾಗುವುದು ಸೋನಾಮಾರ್ಗ್ ಹತ್ತಿರ, ಮುಗಿಯುವುದು ನಾರಾನಾಗ್‌ನಲ್ಲಿ. ಒಟ್ಟು 70 ಕಿ.ಮೀ. ಮೇಲೆ, ಸಾಮಾನ್ಯವಾಗಿ ಏಳು ದಿನ. ಮೊದಲ ರಾತ್ರಿ ನಿಚ್ನೈಯಲ್ಲಿ. ಮರುದಿನ ನಿಚ್ನೈ ಪಾಸ್ (ಪಾಸ್ ಅಂದರೆ ಬೆಟ್ಟ ಸಾಲು ದಾಟುವ ಎತ್ತರದ ದಾರಿ) ದಾಟಿ ವಿಶನ್‌ಸರ್ ಕೆರೆ. ಅಲ್ಲಿಂದ ಕಿಶನ್‌ಸರ್ ಪಕ್ಕದಲ್ಲೇ ಏರಿ ಗಡ್‌ಸರ್ ಪಾಸ್, ಇಡೀ ದಾರಿಯಲ್ಲಿ ಇದೇ ಎತ್ತರದ ಜಾಗ, ಸುಮಾರು 4,200 ಮೀಟರ್. ಇಳಿದರೆ ಗಡ್‌ಸರ್ ಕೆರೆ, ಆಮೇಲೆ ಸತ್ಸರ್, ಮತ್ತೆ ಜಚ್ ಪಾಸ್, ಕೊನೆಗೆ ಹರಮುಖ್ ಪರ್ವತದ ಬುಡದಲ್ಲಿ ಗಂಗಾಬಲ್ ಮತ್ತು ನುಂಡ್‌ಕೋಲ್. 'ಸರ್' ಅಂದರೆ ಕಾಶ್ಮೀರಿಯಲ್ಲಿ ಕೆರೆ, ನಮ್ಮ ಸರೋವರದ ಸರವೇ. ಗಂಗಾಬಲ್ ಮತ್ತು ನುಂಡ್‌ಕೋಲ್ ಒಂದರ ಪಕ್ಕ ಒಂದು ಇರುವುದನ್ನು ನೋಡಿ ನಮ್ಮ ಗುಂಪಿನ ದುರ್ಗದ ಹುಡುಗ "ಅಕ್ಕ ತಂಗಿ ಹೊಂಡ ಇಲ್ಲಿಗೂ ಬಂದಾವಲ್ಲಪ್ಪ" ಅಂದಿದ್ದ, ದುರ್ಗದ ಕೋಟೆಯಲ್ಲಿ ಆ ಹೆಸರಿನ ಜೋಡಿ ಹೊಂಡ ಇವೆ.

ಈ ದಾರಿಯಲ್ಲಿ ಒಂದು ಸಂಗತಿ ಗಮನಿಸಿ. ಗಡ್‌ಸರ್ ಪಾಸ್ ದಾಟಿದ ಮೇಲೆ ಮಧ್ಯದಲ್ಲಿ ಸುಲಭವಾಗಿ ಹೊರಗೆ ಬರುವ ದಾರಿ ಇಲ್ಲ. ಮುಂದೆ ಹೋದರೂ ಎರಡು ದಿನ, ಹಿಂದೆ ಬಂದರೂ ಎರಡು ದಿನ. ಅದಕ್ಕೇ ನಾನು ಸಾಮಾನಿಗಿಂತ ಜನರ ಬಗ್ಗೆ ಜಾಸ್ತಿ ಮಾತಾಡುವುದು.

ಗುಂಪು ಆರರಿಂದ ಹತ್ತು ಜನ ಇದ್ದರೆ ಚೆನ್ನ. ಟ್ರೆಕ್ ಕಂಪನಿ ಮೂಲಕ ಹೋದರೆ ಅವರು ನಿಮ್ಮನ್ನು ಇನ್ನೊಂದಿಷ್ಟು ಜನರ ಜೊತೆ ಸೇರಿಸುತ್ತಾರೆ, ತೊಂದರೆ ಇಲ್ಲ. ಆದರೆ ಊರಿಂದ ಹೊರಡುವಾಗಲೇ ಮೂರು ಮಾತು ಒಪ್ಪಿಕೊಳ್ಳಿ. ಎಲ್ಲರಿಗಿಂತ ನಿಧಾನ ಇರುವವನ ಹೆಜ್ಜೆಯೇ ಗುಂಪಿನ ಹೆಜ್ಜೆ. ಗಟ್ಟಿಮುಟ್ಟಾದ ಒಬ್ಬ ಯಾವಾಗಲೂ ಕಟ್ಟಕಡೆಗೆ ನಡೆಯಬೇಕು, ಅವನ ಹಿಂದೆ ಯಾರೂ ಉಳಿಯಬಾರದು. ಯಾರಿಗಾದರೂ ತಲೆನೋವು ಬಂದರೆ ಅದನ್ನು ಐದು ನಿಮಿಷದಲ್ಲಿ ಬಾಯಿಬಿಟ್ಟು ಹೇಳಬೇಕು, ಹೇಳಿದವರನ್ನು ಯಾರೂ ಆಡಿಕೊಳ್ಳಬಾರದು. ಈ ಮೂರನೆಯದೇ ಕಷ್ಟ. ನಮ್ಮ ಕಡೆ ಗಂಡಸರಿಗೆ ಅದರಲ್ಲೂ ಕಷ್ಟ.

ನಮ್ಮ ಗುಂಪಿನಲ್ಲಿ ಆಗಿದ್ದೇ ಅದು. ಎಲ್ಲರಿಗಿಂತ ಫಿಟ್ ಇದ್ದವನು, ದಿನಾ ಬೆಳಿಗ್ಗೆ ಓಡುವವನು, ಮೊದಲ ದಿನ ನಿಚ್ನೈಗೆ ಎಲ್ಲರಿಗಿಂತ ಒಂದು ಗಂಟೆ ಮುಂಚೆ ಮುಟ್ಟಿದ. ರಾತ್ರಿ ಊಟ ಮಾಡಲಿಲ್ಲ, "ಹಸಿವಿಲ್ಲ" ಅಂದ. ಬೆಳಿಗ್ಗೆ ಟೆಂಟಿನ ಹಿಂದೆ ವಾಂತಿ ಮಾಡುತ್ತಿದ್ದದ್ದನ್ನು ಕುದುರೆಯವನು ನೋಡಿ ಹೇಳಿದ ಮೇಲೆ ನಮಗೆ ಗೊತ್ತಾಯಿತು. ಅವತ್ತು ಅವನನ್ನೂ ಜೊತೆಗೆ ಒಬ್ಬನನ್ನೂ ಸೋನಾಮಾರ್ಗ್‌ಗೆ ವಾಪಸ್ ಕಳಿಸಿದೆವು. ಇಳಿದ ಮೇಲೆ ಸಂಜೆಯೊಳಗೆ ಸರಿಹೋದ. ನಿಚ್ನೈಯಲ್ಲಿ ಗೊತ್ತಾಗಿದ್ದು ನಮ್ಮ ಪುಣ್ಯ, ಗಡ್‌ಸರ್‌ನಲ್ಲಿ ಆಗಿದ್ದರೆ?

ಇದಕ್ಕೆ ಕಾರಣ ಎತ್ತರದ ತೆಳು ಗಾಳಿ. ನಮ್ಮ ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. 4,200 ಮೀಟರ್‌ಗೆ ಹೋದರೆ ಒಂದು ಉಸಿರಿಗೆ ಸಿಗುವ ಆಮ್ಲಜನಕ ಊರಲ್ಲಿ ಸಿಗುವುದರ ಸುಮಾರು ಮೂರರಲ್ಲಿ ಎರಡು ಭಾಗ ಮಾತ್ರ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು, ಮತ್ತು ನೀವು ಎಷ್ಟು ಫಿಟ್ ಅಂತ ಅದು ಕೇಳುವುದಿಲ್ಲ. ಫಿಟ್ ಇರುವವರು ಬೇಗ ಏರುತ್ತಾರಲ್ಲ, ಅವರಿಗೇ ಒಮ್ಮೊಮ್ಮೆ ಜಾಸ್ತಿ ಹೊಡೆತ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಾಗಬಾರದು ಅನ್ನುವುದು ಸಾಮಾನ್ಯ ನಿಯಮ. ಸೋನಾಮಾರ್ಗ್‌ನಿಂದ ನಿಚ್ನೈ ಮೊದಲ ದಿನವೇ 700-800 ಮೀಟರ್ ಏರಿಸುತ್ತದೆ. ಹಾಗಾಗಿ ಸೋನಾಮಾರ್ಗ್‌ನಲ್ಲಿ ಒಂದು ರಾತ್ರಿ ಜಾಸ್ತಿ ಉಳಿಯಿರಿ, ವಿಶನ್‌ಸರ್‌ನಲ್ಲಿ ಒಂದು ದಿನ ವಿಶ್ರಾಂತಿ ಇರುವ ಪ್ಲಾನ್ ಮಾತ್ರ ತೆಗೆದುಕೊಳ್ಳಿ. ಆ ದಿನವನ್ನು ಕಿತ್ತು ಆರು ದಿನಕ್ಕೆ ಮುಗಿಸುತ್ತೇವೆ, ದುಡ್ಡು ಕಮ್ಮಿ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ.

ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬರದಿರುವುದು, ಇವು ಶುರುವಿನ ಲಕ್ಷಣಗಳು. ಇವು ಇದ್ದಾಗ ಇನ್ನೂ ಮೇಲೆ ಏರಬಾರದು. ಸುಮ್ನೆ ಕೂತಾಗಲೂ ಏದುಸಿರು, ಕೆಮ್ಮಿದರೆ ನೊರೆ, ಅಥವಾ ಕುಡಿದವನ ಹಾಗೆ ಕಾಲು ತಡವರಿಸುವುದು, ಕೇಳಿದ್ದಕ್ಕೆ ಸಂಬಂಧ ಇಲ್ಲದ ಉತ್ತರ, ಇಂಥದ್ದು ಕಂಡರೆ ರಾತ್ರಿಯೇ ಆಗಿರಲಿ, ಕೆಳಗೆ ಇಳಿಸಬೇಕು. ಮಾತ್ರೆ, ಆಮ್ಲಜನಕದ ಸಿಲಿಂಡರ್ ಎಲ್ಲ ಇಳಿಯುವುದಕ್ಕೆ ಸಹಾಯಕ್ಕೆ ಅಷ್ಟೇ, ಇಳಿಯುವ ಬದಲಿಗೆ ಅಲ್ಲ. ಎತ್ತರದ ತೊಂದರೆ ತಡೆಯಲು ತೆಗೆದುಕೊಳ್ಳುವ ಡಯಮಾಕ್ಸ್ ಮಾತ್ರೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಊರಿನ ಡಾಕ್ಟರ್ ಹತ್ತಿರ ಮಾತಾಡಿಯೇ ತೆಗೆದುಕೊಳ್ಳಿ, ಸಲ್ಫಾ ಅಲರ್ಜಿ ಇದ್ದರೆ ಅದನ್ನು ಮೊದಲೇ ಹೇಳಿ. ಅದು ತಿಂದರೆ ಮೂತ್ರ ಜಾಸ್ತಿ, ಬೆರಳ ತುದಿ ಜುಮ್ ಅನ್ನುತ್ತದೆ, ಹೆದರಬೇಡಿ. ಬಿಪಿ, ಶುಗರ್, ಅಸ್ತಮಾ ಇರುವವರು ಬುಕ್ ಮಾಡುವ ಮುಂಚೆಯೇ ತೋರಿಸಿಕೊಳ್ಳಿ. ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ. ಎಣ್ಣೆ ಪಾರ್ಟಿ ಶ್ರೀನಗರಕ್ಕೆ ವಾಪಸ್ ಬಂದ ಮೇಲೆ.

ಇನ್ನು ತಯಾರಿ. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡ ಏರಿದರೂ ಕಾಶ್ಮೀರದ ಗಾಳಿಗೆ ಅಭ್ಯಾಸ ಆಗುವುದಿಲ್ಲ, ಅದನ್ನು ಮರೆತುಬಿಡಿ. ನಾವು ಇಲ್ಲಿ ತಯಾರು ಮಾಡಬಹುದಾದದ್ದು ಕಾಲು, ಮಂಡಿ ಮತ್ತು ದಮ್ಮು. ಮೂರು ತಿಂಗಳು ಇಟ್ಟುಕೊಳ್ಳಿ. ವಾರದಲ್ಲಿ ನಾಲ್ಕು ದಿನ ಬಿರುಸು ನಡಿಗೆ ಇಲ್ಲಾ ಓಟ, 5 ಕಿ.ಮೀ. ದೂರವನ್ನು 40 ನಿಮಿಷದೊಳಗೆ ಮುಗಿಸುವ ಹಾಗಾಗಬೇಕು. ದಾವಣಗೆರೆ ಊರೇ ಸಪಾಟು, ಅದಕ್ಕೆ ಅಪಾರ್ಟ್‌ಮೆಂಟ್ ಮೆಟ್ಟಿಲು ಹಿಡಿಯಿರಿ, ವಾಚ್‌ಮನ್ ನಗುತ್ತಾನೆ, ನಗಲಿ. ಭಾನುವಾರ ಕೊಂಡಜ್ಜಿ ಗುಡ್ಡ ಇಲ್ಲವೇ ಸೀದಾ ಚಿತ್ರದುರ್ಗ. ಬೆಳಿಗ್ಗೆ ಗೇಟ್ ತೆಗೆಯುವ ಹೊತ್ತಿಗೆ ಕೋಟೆ ಮುಂದೆ ಇರಿ, ಬೆನ್ನಿಗೆ ಐದು ಕೆಜಿ ಅಕ್ಕಿ ಹಾಕಿದ ಬ್ಯಾಗ್ ಇರಲಿ. ಒಂದು ಸಲ ಹತ್ತಿ ಇಳಿದರೆ ಅದು ಪಿಕ್ನಿಕ್. ಮೂರು ಸಲ ಮಾಡಿ. ಬಿಸಿಲೇರಿದ ಮೇಲೆ ಆ ಬಂಡೆ ಕಾದ ಹಂಚಿನ ಹಾಗೆ, ಒಂಬತ್ತೂವರೆಗೆ ಮುಗಿಸಿಬಿಡಿ.

ದುರ್ಗದ ಕೋಟೆಯಲ್ಲಿ ಒಂದು ಲಾಭ ಇದೆ. ಅಲ್ಲಿನ ಮೆಟ್ಟಿಲು ಒಂದರ ಹಾಗೆ ಇನ್ನೊಂದಿಲ್ಲ, ಒಂದು ಗೇಣು, ಒಂದು ಮೊಳ, ಒಂದು ಓರೆ. ಇಳಿಯುವಾಗ ಕಾಲು ಎಲ್ಲಿಡಬೇಕು ಅಂತ ಪ್ರತಿ ಹೆಜ್ಜೆಗೂ ಯೋಚಿಸಬೇಕು. ಸತ್ಸರ್ ದಾಟಿದ ಮೇಲೆ ಬರುವ ಬಂಡೆಗಳ ರಾಶಿಯಲ್ಲಿ ಇದೇ ಅಭ್ಯಾಸ ಉಪಯೋಗಕ್ಕೆ ಬರುತ್ತದೆ. ಜಿಮ್‌ನ ಟ್ರೆಡ್‌ಮಿಲ್ ಇದನ್ನು ಕಲಿಸುವುದಿಲ್ಲ. ಇನ್ನೊಂದು ಲಾಭ, ಗುಂಪಿನ ಗುಣ ಇಲ್ಲೇ ಗೊತ್ತಾಗುತ್ತದೆ. ಯಾರು ಹಿಂದಿನವರಿಗೆ ಕಾಯದೆ ಓಡುತ್ತಾರೆ, ಯಾರು ನೀರು ತರದೆ ಬಂದು ಬೇರೆಯವರ ಬಾಟಲಿಗೆ ಕೈ ಹಾಕುತ್ತಾರೆ, ಯಾರು ಮಂಡಿ ನೋವಿದ್ದರೂ ಹೇಳದೆ ಕುಂಟುತ್ತಾರೆ, ಎಲ್ಲ ಮೂರು ಭಾನುವಾರದಲ್ಲಿ ಕಾಣುತ್ತದೆ. ನಾಲ್ಕು ಭಾನುವಾರ ತಪ್ಪಿಸಿದವರನ್ನು ಗುಂಪಿನಿಂದ ಬಿಡಿ. ಬೇಜಾರಾಗುತ್ತದೆ, ಗೊತ್ತು. ಕೋಟೆ ಇಳಿದ ಮೇಲೆ ಬೆಣ್ಣೆ ದೋಸೆ ತಿನ್ನಬಹುದಾ ಅಂತ ಕೇಳುತ್ತೀರಿ. ತಿನ್ನಿ, ಯಾರು ಬೇಡ ಅಂದರು.

ಶೂ ಬಗ್ಗೆ ನನ್ನ ಕಥೆ. ಹೊರಡುವ ವಾರ ಅಂಗಡಿಯವನು "ವಾಟರ್‌ಪ್ರೂಫ್ ಸರ್, ಗ್ಯಾರಂಟಿ" ಅಂತ ಕೊಟ್ಟ ಶೂ ಎರಡನೇ ದಿನದ ಹಳ್ಳದಲ್ಲಿ ನೀರು ಕುಡಿಯಿತು, ಮೂರನೇ ದಿನ ಅಟ್ಟೆ ಬಾಯಿ ಬಿಟ್ಟಿತು. ಉಳಿದ ದಾರಿಯನ್ನು ಹಗ್ಗ ಕಟ್ಟಿಕೊಂಡು ನಡೆದೆ. ಹಿಮ್ಮಡಿ ಗಂಟು ಮುಚ್ಚುವ, ಹಿಡಿತ ಇರುವ ಶೂ ಎರಡು ತಿಂಗಳು ಮುಂಚೆ ತೆಗೆದುಕೊಂಡು, ಕೋಟೆ ಹತ್ತುವುದೆಲ್ಲ ಅದರಲ್ಲೇ ಹತ್ತಿ. ಒಂದು ಅಳತೆ ದೊಡ್ಡದಿರಲಿ, ಇಳಿಯುವಾಗ ಬೆರಳು ಮುಂದಕ್ಕೆ ಗುದ್ದುತ್ತದೆ.

ಬಟ್ಟೆಯಲ್ಲಿ ಕಾಟನ್ ಬೇಡ, ಒದ್ದೆಯಾದರೆ ಒಣಗುವುದಿಲ್ಲ, ಜೀನ್ಸ್ ಅಂತೂ ಬೇಡವೇ ಬೇಡ. ಬೇಗ ಒಣಗುವ ಮೂರು ಟೀಶರ್ಟ್, ಎರಡು ಪ್ಯಾಂಟ್, ಒಂದು ಫ್ಲೀಸ್, ಒಂದು ದಪ್ಪ ಜಾಕೆಟ್, ಒಳಗೆ ಥರ್ಮಲ್ ಒಂದು ಜೊತೆ, ಉಣ್ಣೆ ಸಾಕ್ಸ್, ಟೋಪಿ, ಗ್ಲೌಸ್, ಬ್ಯಾಗನ್ನೂ ಮುಚ್ಚುವ ಮಳೆ ಪಾಂಚೋ. ಹೆಡ್‌ಲ್ಯಾಂಪ್, ಉದ್ದ ಗಿಡ್ಡ ಮಾಡಬಹುದಾದ ಟ್ರೆಕಿಂಗ್ ಕೋಲು ಎರಡು, ತಂಪು ಕನ್ನಡಕ, ಸನ್‌ಸ್ಕ್ರೀನ್. ಸನ್‌ಸ್ಕ್ರೀನ್ ಹೆಂಗಸರಿಗೆ ಅಂದುಕೊಂಡ ನಮ್ಮವರ ಮೂಗು ನಾಲ್ಕನೇ ದಿನ ಈರುಳ್ಳಿ ಸಿಪ್ಪೆ ಥರ ಬಿಚ್ಚಿತ್ತು. ಪವರ್‌ಬ್ಯಾಂಕ್, ಫೋನ್ ಎರಡನ್ನೂ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

ಊಟ ಅನ್ನ, ದಾಲ್, ಚಪಾತಿ, ಆಲೂ. ವಿಶನ್‌ಸರ್ ಎತ್ತರದಲ್ಲಿ ನೀರು 88 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ಅಡುಗೆಯವನನ್ನು ಬೈಯಬೇಡಿ. ಮೂರನೇ ದಿನಕ್ಕೆ ನಾಲಿಗೆ ಖಾರ ಕೇಳುತ್ತದೆ. ಶೇಂಗಾ ಚಟ್ನಿ ಪುಡಿ, ಕಡಕ್ ರೊಟ್ಟಿ, ಬೆಲ್ಲ ಹಾಕಿದ ಶೇಂಗಾ ಉಂಡೆ ತೆಗೆದುಕೊಂಡು ಹೋಗಿ. ಹಸಿವೇ ಇಲ್ಲ ಅನ್ನುವವನೂ ಚಟ್ನಿ ಪುಡಿ ಅನ್ನ ಎರಡು ತುತ್ತು ತಿನ್ನುತ್ತಾನೆ. ಅದನ್ನೂ ಬೇಡ ಅಂದರೆ ಅವನ ಮೇಲೆ ಕಣ್ಣಿಡಿ. ಮಂಡಕ್ಕಿ ಒಯ್ಯಬೇಕು ಅಂತ ಪ್ರತಿ ಗುಂಪಿನಲ್ಲೂ ಒಬ್ಬ ಹಟ ಹಿಡಿಯುತ್ತಾನೆ. ತೂಕ ಇಲ್ಲ ನಿಜ, ಅರ್ಧ ಬ್ಯಾಗ್ ಅದೇ ತುಂಬುತ್ತದೆ.

ಯಾವಾಗ ಹೋಗಬೇಕು? ಜುಲೈನಿಂದ ಸೆಪ್ಟೆಂಬರ್ ಮಧ್ಯದವರೆಗೆ. ನಮ್ಮಲ್ಲಿ ಮುಂಗಾರು ಜೋರಿದ್ದಾಗ ಅಲ್ಲಿ ಮಳೆ ಕಮ್ಮಿ, ಪೀರ್ ಪಂಜಾಲ್ ಬೆಟ್ಟ ಸಾಲು ಮೋಡಗಳನ್ನು ತಡೆಯುತ್ತದೆ. ಕಮ್ಮಿ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ಜುಲೈ ಶುರುವಲ್ಲಿ ಪಾಸ್‌ಗಳ ಮೇಲೆ ಹಿಮ ಇರುತ್ತದೆ, ಆಗಸ್ಟ್‌ವರೆಗೆ ಹೂವು, ಸೆಪ್ಟೆಂಬರ್‌ಗೆ ಹುಲ್ಲು ಹಳದಿ, ಆಕಾಶ ತಿಳಿ, ಚಳಿ ಜಾಸ್ತಿ. ಭದ್ರತೆಯ ಕಾರಣಕ್ಕೆ ಈ ದಾರಿಗಳು ಮುಚ್ಚುವುದೂ ಉಂಟು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆದ ಮೇಲೆ ಕಾಶ್ಮೀರದ ಎಷ್ಟೋ ಪ್ರವಾಸಿ ಜಾಗಗಳನ್ನು ಮುಚ್ಚಿದ್ದರು. ನೀವು ಹೋಗುವ ವರ್ಷ ದಾರಿ ತೆರೆದಿದೆಯಾ, ಅನುಮತಿ ಇದೆಯಾ ಅಂತ ಖಚಿತ ಮಾಡಿಕೊಂಡೇ ದುಡ್ಡು ಕಟ್ಟಿ, ರದ್ದಾದರೆ ವಾಪಸ್ ಎಷ್ಟು ಅಂತ ಬರಹದಲ್ಲಿ ತೆಗೆದುಕೊಳ್ಳಿ.

ಹೋಗುವ ದಾರಿ ಸುಲಭ. ದಿಲ್ಲಿ ಕಡೆಗೆ ಹೋಗುವ ಸಂಪರ್ಕ ಕ್ರಾಂತಿ ದಾವಣಗೆರೆಯಲ್ಲೇ ಸಿಗುತ್ತದೆ, ಎರಡು ದಿನ ಹಿಡಿಯಿರಿ. 2025ರ ಜೂನ್‌ನಿಂದ ಜಮ್ಮು ಹತ್ತಿರದ ಕಟ್ರಾದಿಂದ ಶ್ರೀನಗರಕ್ಕೂ ರೈಲು ಓಡುತ್ತಿದೆ, ಚೆನಾಬ್ ಸೇತುವೆ ಮೇಲೆ ಹೋಗುವುದೇ ಒಂದು ಟ್ರಿಪ್. ರಜೆ ಕಮ್ಮಿ ಇದ್ದವರು ಬೆಂಗಳೂರಿಂದ ವಿಮಾನ. ಆಧಾರ್ ಮೂಲ ಪ್ರತಿ ಇರಲಿ, ಝೆರಾಕ್ಸ್ ನಾಲ್ಕೈದು ಇರಲಿ, ದಾರಿಯಲ್ಲಿ ಸೇನೆಯ ಕ್ಯಾಂಪ್‌ಗಳಲ್ಲಿ ಹೆಸರು ಬರೆಸಬೇಕು. ಅವರು ಬೇಡ ಅಂದ ಕಡೆ ಕ್ಯಾಮೆರಾ ಎತ್ತಬೇಡಿ. ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಗುಂಪಿನಲ್ಲಿ ಇಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ. ಸೋನಾಮಾರ್ಗ್ ದಾಟಿದ ಮೇಲೆ ಅದೂ ಇಲ್ಲ ಅಂತಲೇ ತಿಳಿಯಿರಿ. ಮನೆಯವರಿಗೆ "ಆರು ದಿನ ಫೋನ್ ಬರಲ್ಲ" ಅಂತ ಮೊದಲೇ ಹೇಳದಿದ್ದರೆ ಅವರು ಊಟ ಬಿಡುತ್ತಾರೆ.

ನಡೆಯುವಾಗ ಬೆಳಿಗ್ಗೆ ಬೇಗ ಹೊರಡಿ. ಪಾಸ್‌ಗಳನ್ನು ಮಧ್ಯಾಹ್ನದೊಳಗೆ ದಾಟಬೇಕು, ಆಮೇಲೆ ಮೋಡ ಕಟ್ಟುತ್ತದೆ. ಗಡ್‌ಸರ್ ದಿನ ಎಲ್ಲಕ್ಕಿಂತ ಉದ್ದ. ಆ ಏರಿನಲ್ಲಿ ಮಾತಾಡುತ್ತಾ ನಡೆಯಲು ಆಗುವಷ್ಟೇ ವೇಗ ಇರಲಿ, ಮಾತು ನಿಂತರೆ ನೀವು ಜೋರು ಹೋಗುತ್ತಿದ್ದೀರಿ. ಮೇಲೆ ನಿಂತು ತಿರುಗಿದರೆ ವಿಶನ್‌ಸರ್, ಕಿಶನ್‌ಸರ್ ಎರಡೂ ಒಟ್ಟಿಗೆ ಕಾಣುತ್ತವೆ. ನಮ್ಮ ಸೂಳೆಕೆರೆಯ ಮುಂದೆ ಅವು ಪುಟ್ಟ ಹೊಂಡಗಳು, ಆದರೆ ಆ ಬಣ್ಣವನ್ನು ನಾನು ಎಲ್ಲೂ ನೋಡಿಲ್ಲ. ಹಳ್ಳ ದಾಟುವಾಗ ಒಬ್ಬೊಬ್ಬರೇ ಅಲ್ಲ, ಕೈ ಹಿಡಿದು ದಾಟಿ, ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿರಲಿ. ಹಿಮದ ಸೇತುವೆ, ಅಂದರೆ ಹಳ್ಳದ ಮೇಲೆ ಗಟ್ಟಿಯಾಗಿ ನಿಂತ ಹಿಮ, ಕಂಡರೆ ಗೈಡ್ ಹೇಳುವವರೆಗೂ ಕಾಲಿಡಬೇಡಿ. ಕುರಿಗಾಹಿ ಬಕರ್ವಾಲರ ಬಿಡಾರದ ಹತ್ತಿರ ಹೋಗುವಾಗ ದೂರದಿಂದಲೇ ಕೂಗಿ, ನಾಯಿಗಳು ಜೋರಿವೆ. ಪ್ಲಾಸ್ಟಿಕ್ ಒಂದೂ ಬಿಡದೆ ವಾಪಸ್ ತನ್ನಿ. ಕೆರೆಯಲ್ಲಿ ಸೋಪು ಬೇಡ.

ಕೊನೆಯ ದಿನ ಸುಮಾರು 1,300 ಮೀಟರ್ ಇಳಿತ. ಎಲ್ಲರೂ "ಇಳಿಯೋದೇ ಅಲ್ವಾ" ಅಂತ ಓಡುತ್ತಾರೆ, ಮಂಡಿ ಕೈ ಕೊಡುವುದು ಅಲ್ಲೇ. ಕೋಲು ಸ್ವಲ್ಪ ಉದ್ದ ಮಾಡಿಕೊಂಡು, ಅಡ್ಡಡ್ಡ ಹೆಜ್ಜೆ ಇಟ್ಟು ಇಳಿಯಿರಿ. ನಾರಾನಾಗ್‌ನಲ್ಲಿ ಹಳೆಯ ಕಲ್ಲಿನ ಗುಡಿಗಳ ಅವಶೇಷ ಇವೆ, ಟೀ ಕುಡಿದು ನೋಡಿ ಬನ್ನಿ. ವಾಪಸ್ ಟಿಕೆಟ್‌ಗೂ ಇದಕ್ಕೂ ನಡುವೆ ಒಂದು ದಿನ ಖಾಲಿ ಬಿಡಿ. ನಾವು ಬಿಟ್ಟಿರಲಿಲ್ಲ. ಮಳೆಗೆ ಸತ್ಸರ್‌ನಲ್ಲಿ ಒಂದು ದಿನ ಕೂತೆವು, ವಿಮಾನ ನಮ್ಮನ್ನು ಬಿಟ್ಟು ಹೋಯಿತು, ಎಂಟು ಜನರ ಹೊಸ ಟಿಕೆಟ್ ದುಡ್ಡಿನ ಲೆಕ್ಕ ನಮ್ಮ ಗುಂಪಿನಲ್ಲಿ ಇನ್ನೂ ಮುಗಿದಿಲ್ಲ.