ಡಿಪಿಎಫ್ ಲೈಟ್ ಬಂತಾ? ಗಾಡಿ ಆಫ್ ಮಾಡಬೇಡಿ

2020ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ನಿಯಮ ಬಿಎಸ್6 ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಹೋಗುವ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಕೂತಿದೆ. ಅದೇ ಡಿಪಿಎಫ್, ಅಂದರೆ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್. ದಿನಾ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ತೆವಳುವ ಕಾರಿಗೆ ಇದರ ಲೈಟ್ ಹತ್ತುವುದು ಜಾಸ್ತಿ, ಯಾಕೆಂದರೆ ಹಿಡಿದ ಮಸಿ ಸುಡಲು ಹೊಗೆಯ ಬಿಸಿಯೇ ಸಾಲುವುದಿಲ್ಲ. ಲೈಟ್ ನೋಡಿ ಹೆದರಿ ಗಾಡಿ ಬದಿಗೆ ಹಾಕಿ ಕೀ ತಿರುಗಿಸುವವರೇ ಹೆಚ್ಚು. ಅಲ್ಲೇ ಎಡವಟ್ಟು.

ಮೊದಲು ಮ್ಯಾನ್ಯುಯಲ್ ನೋಡಿ. ಲೈಟ್ ಕೆಂಪಗಿದ್ದರೆ, ಇಲ್ಲವೇ ಪಿಕಪ್ ಸತ್ತಿದ್ದರೆ ಸೀದಾ ಸರ್ವಿಸ್‌ಗೆ ಹೋಗಿ.

ಡೀಸೆಲ್ ಕಾಲು ಟ್ಯಾಂಕ್‌ಗಿಂತ ಜಾಸ್ತಿ ಇರಲಿ.

ಈಗ ತುಮಕೂರು ರಸ್ತೆಯಂಥ ಖಾಲಿ ಹೈವೇ ಹಿಡಿಯಿರಿ. 60ಕ್ಕಿಂತ ಮೇಲೆ, ಒಂದು ಗೇರ್ ಕೆಳಗೆ, 2000 ಆರ್‌ಪಿಎಂ ಆಸುಪಾಸು, ಹದಿನೈದಿಪ್ಪತ್ತು ನಿಮಿಷ. ಒಳಗೆ ಏನಾಗುತ್ತದೆ ಅಂದರೆ, ಸಿಲಿಂಡರ್‌ನಲ್ಲಿ ಉರಿ ಮುಗಿಯುತ್ತಿರುವಾಗ ಕಂಪ್ಯೂಟರ್ ಇನ್ನೊಂದಿಷ್ಟು ಡೀಸೆಲ್ ಚಿಮ್ಮಿಸುತ್ತದೆ, ಅದು ಸುಡದೇ ಮುಂದೆ ಹೋಗಿ ಫಿಲ್ಟರ್‌ಗಿಂತ ಮುಂಚೆ ಸಿಗುವ ಕ್ಯಾಟಲಿಸ್ಟ್‌ನ (ಹೊಗೆ ಶುದ್ಧ ಮಾಡುವ ಡಬ್ಬಿ) ಪ್ಲಾಟಿನಂ ಮೇಲೆ ಆಕ್ಸಿಜನ್ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್, ನೀರು ಆಗುತ್ತದೆ. ಆ ಬಿಸಿಗೆ ಹೊಗೆ 600 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತದೆ. ಆಗ ಮಸಿಯ ಇಂಗಾಲ ಉರಿದು ಹೋಗುತ್ತದೆ. ಹೈವೇಯಲ್ಲೇ ಓಡಿಸುವವರಿಗೆ ಇಷ್ಟೂ ಬೇಕಿಲ್ಲ. ಅದೇ ಕ್ಯಾಟಲಿಸ್ಟ್ ನೈಟ್ರಿಕ್ ಆಕ್ಸೈಡನ್ನು ನೈಟ್ರೋಜನ್ ಡೈಆಕ್ಸೈಡ್ ಮಾಡುತ್ತದೆ, ಅದು 300 ಡಿಗ್ರಿ ಆಸುಪಾಸಿನಲ್ಲೇ ಮಸಿಯನ್ನು ಮೆಲ್ಲಗೆ ತಿನ್ನುತ್ತಿರುತ್ತದೆ.

ಮಧ್ಯದಲ್ಲಿ ಆಫ್ ಮಾಡಿದರೆ? ಮಸಿ ಅರ್ಧ ಉಳಿಯುತ್ತದೆ, ಮುಂದಿನ ಸಲ ಮತ್ತೆ ಡೀಸೆಲ್ ಚಿಮ್ಮುತ್ತದೆ. ಸಿಲಿಂಡರ್ ಗೋಡೆಗೆ ತಗುಲಿದ ಡೀಸೆಲ್ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಪದೇಪದೇ ಹೀಗಾದರೆ ಡಿಪ್‌ಸ್ಟಿಕ್ ತೆಗೆದು ನೋಡಿ: ಆಯಿಲ್ ಮೇಲಿನ ಗೆರೆ ದಾಟಿ ಡೀಸೆಲ್ ವಾಸನೆ ಬಂದರೆ ಆಯಿಲ್ ಬದಲಾಯಿಸಲೇಬೇಕು, ಸುಮ್ನೆ ಮುಂದೂಡಬೇಡಿ. ನಿಂತಾಗ ಆರ್‌ಪಿಎಂ ಸ್ವಲ್ಪ ಜಾಸ್ತಿ, ಫ್ಯಾನ್ ಜೋರು, ಸುಟ್ಟ ವಾಸನೆ ಇದ್ದರೆ ಕೆಲಸ ಇನ್ನೂ ನಡೆಯುತ್ತಿದೆ ಅಂತ ಅರ್ಥ. ಆಗ ಒಣ ಹುಲ್ಲಿನ ಮೇಲಂತೂ ನಿಲ್ಲಿಸಲೇಬೇಡಿ.

ಎಂಜಿನ್ ಆಯಿಲನ್ನು ಕಾರು ಕಂಪನಿ ಹೇಳಿದ ಕಡಿಮೆ ಬೂದಿಯದ್ದೇ ಹಾಕಿಸಿ, ಮಸಿ ಸುಡುತ್ತದೆ, ಆಯಿಲ್‌ನ ಬೂದಿ ಸುಡದೇ ಫಿಲ್ಟರ್‌ನಲ್ಲೇ ಕೂರುತ್ತದೆ. 'ಟ್ಯಾಂಕಿಗೆ ಸುರಿದರೆ ಡಿಪಿಎಫ್ ಕ್ಲೀನ್' ಅನ್ನುವ ಬಾಟಲಿಗಳಿಗೆ ನಾನಂತೂ ದುಡ್ಡು ಕೊಡುವುದಿಲ್ಲ. ಫಿಲ್ಟರ್ ಕಿತ್ತು ಬರೀ ಪೈಪ್ ಹಾಕಿಕೊಡುವ ಗ್ಯಾರೇಜ್‌ಗಳೂ ಇವೆ, ಅದು ಕಾನೂನಿಗೆ ವಿರುದ್ಧ, ಮಸಿ ಹಿಂದಿನ ಬೈಕ್‌ನವರ ಮುಖಕ್ಕೆ.

ನೀಲಿ ಮುಚ್ಚಳದ ಟ್ಯಾಂಕ್ ಇರುವ ಗಾಡಿಗೆ ಹೊಗೆ ಶುದ್ಧ ಮಾಡುವ ದ್ರವ ಡಿಇಎಫ್ (ಡೀಸೆಲ್ ಎಕ್ಸಾಸ್ಟ್ ಫ್ಲೂಯಿಡ್) ಬೇರೆ ಬೇಕು. ಅದು 32.5% ಯೂರಿಯಾ ಇರುವ ಶುದ್ಧ ನೀರು. ಸೀಲ್ ಇರುವ ಕ್ಯಾನೇ ತನ್ನಿ, ನಲ್ಲಿ ನೀರಿಗೆ ಗೊಬ್ಬರದ ಯೂರಿಯಾ ಕಲಸಿ ಹಾಕುವ ಐಡಿಯಾ ಬೇಡ.